ದಂಡಿಗೆ ಹೋಗಿ ಹಿಂದಿರುಗದವರನ್ನು ಹುಡುಕೋದು ಎಲ್ಲಿಂದ? ಪಾಂಡವಪುರದ ಮನೆಯೊಂದರ ಕಂಚಿನ ಬಿಲ್ಲೆ

ಹಿರೋಡೆಯವನು
ಪಾಂಡವಪುರ ತಾಲ್ಲೂಕಿನ ಒಂದು ಮನೇಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಂಚಿನ ಬಿಲ್ಲೆ ಇದೆ. ನಿಂತ ಹೆಣ್ಣಿನ ಆಕೃತಿ, ಮುಂದೊಂದು ಸಿಂಹ, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಉಬ್ಬಿದ ಒಂದು ಹೆಸರು. ಈಗಿರೋರ ಮುತ್ತಾತನ ತಮ್ಮನದಂತೆ. ಮಹಾರಾಜರ ಕಾಲದಲ್ಲಿ ದಂಡಿಗೆ ಹೋದ, ಬರಲಿಲ್ಲ. ಯಾವ ದೇಶ, ಯಾವ ಪಲ್ಟನ್ ಯಾರಿಗೂ ಗೊತ್ತಿಲ್ಲ. ಬಿಲ್ಲೆ ಮನೆಗೆ ಬಂದ ಮೇಲೂ ಆತನ ಹೆಂಡತಿ ಕೊನೆವರೆಗೂ ಕುಂಕುಮ ಅಳಿಸಲಿಲ್ಲ ಅನ್ನೋದೊಂದೇ ಮನೆಯವರ ನೆನಪಲ್ಲಿ ಉಳಿದಿರೋದು.

ಅವರು ಕೇಳ್ತಿರೋದು ಎರಡೇ. ಸಮಾಧಿ ಎಲ್ಲಿದೆ? ತೀರಿಕೊಂಡ ದಿನ ಯಾವುದು? ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ (ಬ್ರಿಟಿಷರ ಪರ ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕಗಳ ಲೆಕ್ಕ ಇಡೋ ಸಂಸ್ಥೆ) ಜಾಲತಾಣದಲ್ಲಿ ಪಾಂಡವಪುರ ಅಂತ ಹಾಕಿದೆ, ಮಂಡ್ಯ ಅಂತ ಹಾಕಿದೆ, ಏನೂ ಬರಲಿಲ್ಲ. ಮುಂದೇನು?

ಕಡತಕೋಣೆ
ಬರೋದಿಲ್ಲ ಸಾರ್. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಮೊದಲ ಮಹಾಯುದ್ಧದ ದಾಖಲೆಯಲ್ಲಿ ಈ ಕಡೆಯವರೆಲ್ಲ ಮೈಸೂರು ಜಿಲ್ಲೆಯವರೇ. ಪಾಂಡವಪುರಕ್ಕೆ ಆಗಿನ ಸರ್ಕಾರಿ ಹೆಸರು ಫ್ರೆಂಚ್ ರಾಕ್ಸ್. ಶ್ರೀರಂಗಪಟ್ಟಣ ಸೆರಿಂಗಪಟಮ್ ಅಂತಿರುತ್ತೆ, ಕೆ.ಆರ್. ಪೇಟೆ ಅತ್ತಿಗುಪ್ಪೆ ಅಂತ, ಕೆ.ಆರ್. ನಗರ ಎಡತೊರೆ ಅಂತ, ರಾಮನಗರ ಕ್ಲೋಸ್‌ಪೇಟೆ ಅಂತ. ಕೊಳ್ಳೇಗಾಲದವರನ್ನು ಮೈಸೂರಲ್ಲಿ ಹುಡುಕಲೇಬೇಡಿ, ಅದು ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಹುಡುಕೋ ಕ್ರಮ ಹೀಗಿಟ್ಕೊಳ್ಳಿ. ಹೆಸರಿನ ಖಾನೆ ಖಾಲಿ ಬಿಡಿ. ಯುದ್ಧ ಅನ್ನೋ ಕಡೆ ಮೊದಲನೆಯದು, ಸೇವೆ ಸಲ್ಲಿಸಿದ್ದು ಭಾರತದ ಪಡೆಯಲ್ಲಿ ಅಂತ ಆರಿಸಿ. ಹೆಚ್ಚುವರಿ ಮಾಹಿತಿ ಅನ್ನೋ ಖಾನೇಲಿ ಊರಿನ ಹಳೇ ಹೆಸರು ಒಂದನ್ನೇ ಹಾಕಿ. ಬಂದ ಪಟ್ಟೀನ ಪೂರ್ತಿ ಇಳಿಸ್ಕೊಂಡು ಕಣ್ಣಲ್ಲೇ ಓದಿ, ಯಂತ್ರಕ್ಕೆ ಬಿಡಬೇಡಿ. ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬರ್ತಿರಲಿಲ್ಲ. ಸಿದ್ದೇಗೌಡ ಒಂದೇ ಪದವಾಗಿರಬಹುದು, ಎರಡು ಪದವಾಗಿರಬಹುದು, ಗೌಡ ಹೋಗಿ ಗೌಡರ್ ಆಗಿರಬಹುದು, ಗೌಡ ಅನ್ನೋದೇ ಬಿಟ್ಟುಹೋಗಿರಬಹುದು. ಅಯ್ಯ ಅಂತ ಮುಗಿಯೋ ಹೆಸರಿಗೆ ಕನಿಷ್ಠ ಮೂರು ಕಾಗುಣಿತ ನೋಡಬೇಕು.

ಕಮಿಷನ್ ಲೆಕ್ಕಕ್ಕೆ ತಗೊಳ್ಳೋ ಅವಧಿ 4 ಆಗಸ್ಟ್ 1914ರಿಂದ 31 ಆಗಸ್ಟ್ 1921. ಯುದ್ಧ ಮುಗಿದ ಮೇಲೆ ಗಾಯದಿಂದಲೋ ಕಾಯಿಲೆಯಿಂದಲೋ ಹೋದವರೂ ಅದರೊಳಗೆ ಬರ್ತಾರೆ. 1918ಕ್ಕೇ ನಿಲ್ಲಿಸಬೇಡಿ.

ಸಕ್ಕರೆನಾಡು
ಫ್ರೆಂಚ್ ರಾಕ್ಸ್ ಅಂದ್ರೆ ಹೈದರ್-ಟಿಪ್ಪು ಕಾಲದಲ್ಲಿ ಫ್ರೆಂಚರ ದಂಡು ಬೀಡು ಬಿಟ್ಟಿದ್ದಕ್ಕೆ ಬಂದ ಹೆಸರು ಅಲ್ವಾ? ರೈಲ್ವೆ ಸ್ಟೇಷನ್ನಿಗೂ ಅದೇ ಹೆಸರಿತ್ತು ಅಂತಾರೆ ಹಳಬ್ರು.

ಕಡತಕೋಣೆ
ಹೌದು, ಅದೇ. ಹಿರೋಡೆ ಅಂತಲೂ ಬರೆದಿರ್ತಾರೆ, ಅದನ್ನೂ ಹಾಕಿ ನೋಡಿ.

ಬಿಲ್ಲೆ ಬಗ್ಗೆ ಮರೆತಿದ್ದೆ. ಅದು ಮೊದಲ ಮಹಾಯುದ್ಧದಲ್ಲಿ ಸತ್ತವರ ವಾರಸುದಾರರಿಗೆ ಕೊಡ್ತಿದ್ದ ಸ್ಮರಣ ಫಲಕ. ಅಡ್ಡಳತೆ 12 ಸೆಂಟಿಮೀಟರ್. ಬೇಕೆಂತಲೇ ಅದರಲ್ಲಿ ಹುದ್ದೆ ಹಾಕಲಿಲ್ಲ, ಸತ್ತವರೆಲ್ಲ ಸಮಾನರು ಅಂತ. ಭಾವನೆ ದೊಡ್ಡದು, ಆದರೆ ಹುಡುಕೋರಿಗೆ ಕಷ್ಟ: ನಂಬರೂ ಇಲ್ಲ, ಪಲ್ಟನ್ನೂ ಇಲ್ಲ. ಅದರ ಜೊತೆ ಒಂದು ಅಚ್ಚು ಹಾಕಿದ ದಪ್ಪ ಕಾಗದವೂ ಬರ್ತಿತ್ತು. ಹುದ್ದೆ, ಹೆಸರು, ರೆಜಿಮೆಂಟ್ ಮೂರೂ ಇರೋದು ಅದರಲ್ಲೇ. ದೇವರ ಪಟಗಳ ಹಿಂದೆ, ಪೆಟ್ಟಿಗೆ ತಳದಲ್ಲಿ, ಹಳೇ ಕಂದಾಯದ ರಸೀದಿ ಕಟ್ಟಿನಲ್ಲಿ ನೋಡೋಕೆ ಹೇಳಿ. ಕನ್ನಡಿ ಹಾಕಿಸಿದ್ದ ಪಟದ ಹಿಂಬದಿ ರಟ್ಟಿಗೆ ಅದನ್ನೇ ಕೊಟ್ಟಿರೋದೂ ಉಂಟು.

ಲೋಕಪಾವನಿ
ಮೆಡಲ್ ಇದ್ರೆ ಅದರ ಅಂಚು ನೋಡಿ ಅಣ್ಣ, ಮುಖ ಅಲ್ಲ. ಅಂಚಿನ ಸುತ್ತ ನಂಬರ್, ಹುದ್ದೆ, ಹೆಸರು, ಪಲ್ಟನ್ ಕೆತ್ತಿರ್ತಾರೆ. ಬೆಳ್ಳಿ ಮೆಡಲನ್ನು ಎಷ್ಟೋ ಮನೆಗಳಲ್ಲಿ ಕಷ್ಟಕ್ಕೆ ಕರಗಿಸಿದ್ದಾರೆ, ಕಂಚಿನದು ಉಳಿದಿರಬಹುದು. ಮುಖ್ಯವಾದ ಮಾತು: ಆಯುಧಪೂಜೆಗೆ ಅಂತ ಹುಣಸೆಹಣ್ಣು ಹಾಕಿ ತಿಕ್ಕೋದನ್ನ ಇವತ್ತೇ ನಿಲ್ಲಿಸೋಕೆ ಹೇಳಿ. ವರ್ಷಾ ವರ್ಷಾ ತಿಕ್ಕಿದ್ರೆ ಮೊದಲು ಸವೆಯೋದು ಅಂಚಿನ ಸಣ್ಣ ಅಕ್ಷರ. ಓದೋಕಾಗದಷ್ಟು ಸವೆದಿದ್ರೆ ಕತ್ತಲ ಕೋಣೇಲಿ ಟಾರ್ಚನ್ನು ಓರೆಯಾಗಿ, ಹೆಚ್ಚುಕಡಿಮೆ ಮೆಡಲಿನ ಮಟ್ಟಕ್ಕೇ ಹಿಡಿದು ಫೋಟೋ ತೆಗೀರಿ. ತಗ್ಗಿನಲ್ಲಿ ನೆರಳು ನಿಂತು ಅಕ್ಷರ ಕಾಣುತ್ತೆ. ನೇರ ಫ್ಲಾಶ್ ಬೇಡ.

ಮಾಜಿ ಸ್ಯಾಪರ್
ಮನೆಯ ಹಿರಿಯರ ಬಾಯಲ್ಲಿ ಯಾವ ಪದ ಉಳಿದಿದೆ ಕೇಳಿ. ಸವಾರ, ದಫೇದಾರ, ರಿಸಾಲ್ದಾರ ಅಂದ್ರೆ ಕುದುರೆ ದಳ. ನಮ್ಮ ಕಡೆ ಆದ್ರೆ ಹೆಚ್ಚಾಗಿ ಮೈಸೂರು ಲ್ಯಾನ್ಸರ್ಸ್. ಸಿಪಾಯಿ, ನಾಯಕ್, ಹವಾಲ್ದಾರ್, ಸುಬೇದಾರ್ ಅಂದ್ರೆ ಕಾಲಾಳು. ಸ್ಯಾಪರ್ ಅಂದ್ರೆ ಸೇತುವೆ, ರಸ್ತೆ ಕಟ್ಟೋ ದಳ, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್. ಡ್ರೈವರ್ ಅಂದ್ರೆ ಮೋಟಾರು ಓಡಿಸೋನು ಅಂತ ತಿಳಿಯಬೇಡಿ, ಹೇಸರಗತ್ತೆ ಅಥವಾ ಕುದುರೆ ಗಾಡಿ ಹೊಡೆಯೋನು. ‘ಬಸ್ರಾ’ ಅನ್ನೋ ಪದ ಮನೇಲಿ ಓಡಾಡ್ತಿದ್ರೆ ಮೆಸೊಪೊಟೇಮಿಯಾ, ‘ಮಿಸರ್’ ಅಂದ್ರೆ ಈಜಿಪ್ಟ್. ಒಂದು ಪದ ಸಿಕ್ಕರೆ ಅರ್ಧ ಕೆಲಸ ಆಯ್ತು.

ಒಂಟಿಕೊಪ್ಪಲ್ 2ನೇ ಕ್ರಾಸ್
ಇಷ್ಟೆಲ್ಲ ಯಾಕೆ? ಆ ಯುದ್ಧದಲ್ಲಿ ಸತ್ತ ಭಾರತೀಯರೆಲ್ಲರ ಹೆಸರೂ ಇಂಡಿಯಾ ಗೇಟ್ ಮೇಲಿದೆಯಲ್ಲ. ಹೋಗಿ ನೋಡಿದ್ರಾಯ್ತು.

ಕಡತಕೋಣೆ
ತಪ್ಪು ಸಾರ್. ಆ ಯುದ್ಧದಲ್ಲಿ ಸತ್ತ ಭಾರತೀಯರು ಸುಮಾರು 74,000. 1931ರಲ್ಲಿ ಉದ್ಘಾಟನೆಯಾದ ಇಂಡಿಯಾ ಗೇಟಿನ ಮೇಲಿರೋದು 13,000 ಚಿಲ್ಲರೆ ಹೆಸರು. ಅದರಲ್ಲೂ ವಾಯವ್ಯ ಗಡಿ ಮತ್ತು ಮೂರನೇ ಆಫ್ಘನ್ ಯುದ್ಧದಲ್ಲಿ ಹೋದವರೇ ಹೆಚ್ಚು. ಫ್ರಾನ್ಸಿನಲ್ಲಿ ಹೋದವರ ಹೆಸರು ನವ್ ಶಾಪೆಲ್ ಸ್ಮಾರಕದಲ್ಲಿ, 4,700ಕ್ಕೂ ಹೆಚ್ಚು. ಇರಾಕಿನಲ್ಲಿ ಹೋದವರದು ಬಸ್ರಾ ಸ್ಮಾರಕ.

ಬಸ್ರಾದ ಕಥೆ ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಅಲ್ಲಿ 40,000ಕ್ಕೂ ಹೆಚ್ಚು ಜನರ ಲೆಕ್ಕ ಇದೆ. ಬ್ರಿಟಿಷ್ ಸಾಮಾನ್ಯ ಸೈನಿಕನಿಗೂ ಹೆಸರು ಕೆತ್ತಿದ್ದಾರೆ, ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ. ನಮ್ಮ ಸಿಪಾಯಿಗಳಿಗೆ ಪಲ್ಟನ್ನಿನ ಹೆಸರು ಹಾಕಿ ‘ಇಷ್ಟು ಜನ’ ಅಂತ ಸಂಖ್ಯೆ. 1997ರಲ್ಲಿ ಸದ್ದಾಂ ಸರ್ಕಾರ ಇಡೀ ಸ್ಮಾರಕವನ್ನೇ ಎತ್ತಿ ನಾಸಿರಿಯಾ ದಾರಿಯಲ್ಲಿ 32 ಕಿಲೋಮೀಟರ್ ದೂರದ ಮರುಭೂಮಿಯಲ್ಲಿ ಇಟ್ಟಿತು. ಕಮಿಷನ್ನೇ 2021ರ ಏಪ್ರಿಲ್ ವರದಿಯಲ್ಲಿ ಒಪ್ಪಿಕೊಂಡಿದೆ: ಕನಿಷ್ಠ 1,16,000 ಜನರಿಗೆ, ಬಹುಶಃ 3,50,000 ಜನರಿಗೆ, ಹೆಸರಿನ ಸ್ಮರಣೆಯೇ ಸಿಗಲಿಲ್ಲ. ಹೆಚ್ಚಿನವರು ಆಫ್ರಿಕಾ ಮತ್ತು ಈಜಿಪ್ಟಿನವರು. ಹಾಗಾಗಿ ‘ಸಿಗಲಿಲ್ಲ’ ಅನ್ನೋದೂ ‘ಬರೆದೇ ಇಲ್ಲ’ ಅನ್ನೋದೂ ಬೇರೆ ಬೇರೆ. ಹುಡುಕೋರು ಮನೆಯವರಿಗೆ ಈ ವ್ಯತ್ಯಾಸ ಮೊದಲೇ ಹೇಳಿರಬೇಕು.

ಒಂಟಿಕೊಪ್ಪಲ್ 2ನೇ ಕ್ರಾಸ್
ಸರಿ, ಗೊತ್ತಿರಲಿಲ್ಲ. ಲ್ಯಾನ್ಸರ್ಸ್ ಆದ್ರೆ ಈಗಿನ ಇಸ್ರೇಲಿನ ಹೈಫಾದಲ್ಲಿ ಸಮಾಧಿ ಇರಬೇಕಲ್ವಾ?

ಮಾಜಿ ಸ್ಯಾಪರ್
ಎಲ್ಲರೂ ಹೈಫಾ ಅಂತಲೇ ಶುರು ಮಾಡ್ತಾರೆ. 23 ಸೆಪ್ಟೆಂಬರ್ 1918ರಂದು ತುರ್ಕರ ಮೇಲೆ ಅಲ್ಲಿ ನಡೆದ ಕಾಳಗದಲ್ಲಿ ಜೋಧಪುರ, ಮೈಸೂರು ಎರಡೂ ಲ್ಯಾನ್ಸರ್ಸ್ ಸೇರಿ ಸತ್ತವರು 8 ಜನ, ಗಾಯಾಳು 34. ಕುದುರೆಗಳೇ 60 ಸತ್ತವು. ಲ್ಯಾನ್ಸರ್ಸ್ 1914ರಿಂದಲೂ ಸೂಯೆಜ್, ಸಿನಾಯ್, ಪ್ಯಾಲೆಸ್ಟೈನ್ ಸುತ್ತಿದ್ದಾರೆ. ಕಾಯಿಲೆಯಿಂದ ಹೋದವರ ಲೆಕ್ಕ ಬೇರೆ.

ಸಮಾಧಿ ಅನ್ನೋ ಪದವನ್ನೇ ಸ್ವಲ್ಪ ಬಿಡಿ ಅಂತ ನನ್ನ ಸಲಹೆ. ಹಿಂದೂ ಸೈನಿಕರನ್ನು ಆದಷ್ಟೂ ಸುಡ್ತಿದ್ರು. ಸುಟ್ಟ ಮೇಲೆ ಕಲ್ಲು ಇರಲ್ಲ, ಸ್ಮಾರಕದ ಮೇಲೆ ಹೆಸರು ಮಾತ್ರ. ಕಮಿಷನ್ ತಾಣದಲ್ಲಿ ‘ಸ್ಮಶಾನ ಅಥವಾ ಸ್ಮಾರಕ’ ಅನ್ನೋ ಖಾನೆ ನೋಡಿ. ಸ್ಮಾರಕ ಅಂತಿದ್ರೆ ಗುರುತಿರೋ ಸಮಾಧಿ ಇಲ್ಲ ಅಂತ ಅರ್ಥ, ಕಳೆದುಹೋದ ಅಂತಲೇ ಅಲ್ಲ. ಈಜಿಪ್ಟಿನ ಕಡೆಯವರಿಗೆ ಸೂಯೆಜ್ ಪಕ್ಕ ಪೋರ್ಟ್ ತೌಫಿಕ್‌ನಲ್ಲಿ ಸ್ಮಾರಕ ಇತ್ತು. ಅರಬ್-ಇಸ್ರೇಲ್ ಯುದ್ಧಗಳಲ್ಲಿ ಅದು ಹಾಳಾಗಿ, 1980ರಲ್ಲಿ ಕೈರೋ ಹತ್ತಿರದ ಹೀಲಿಯೊಪೊಲಿಸ್‌ನಲ್ಲಿ ಬದಲಿ ಫಲಕ ಹಾಕಿದ್ರು. ಹಳೇ ಪುಸ್ತಕದ ವಿಳಾಸ ಹಿಡಿದು ಸೂಯೆಜ್‌ಗೆ ಹೋದ್ರೆ ಏನೂ ಸಿಗಲ್ಲ.

ನಾಗಮಂಗಲ ಕೋಟೆಬೆಟ್ಟ
ಎರಡನೇ ಯುದ್ಧದ್ದು ಕೇಳ್ತೀನಿ ಬುಡಿ. ನಮ್ಮ ಕಡೆ ಹಳ್ಳೀಲಿ ಒಂದು ಮನೆಯೋರು ‘ಸಿಂಗಾಪುರಕ್ಕೆ ಹೋದ, ಜಪಾನೋರು ಹಿಡಿದ್ರು’ ಅಂತಷ್ಟೇ ಹೇಳ್ತಾರೆ. ಅದಕ್ಕೆ ದಾರಿ ಏನೈತೆ?

ಮಾಜಿ ಸ್ಯಾಪರ್
ಮೈಸೂರು ಸಂಸ್ಥಾನದ 1ನೇ ಮೈಸೂರು ಇನ್‌ಫೆಂಟ್ರಿ ಸಿಂಗಾಪುರದಲ್ಲೇ ಇತ್ತು. 15 ಫೆಬ್ರವರಿ 1942ಕ್ಕೆ ಶರಣಾಗತಿ. ಎರಡು ದಿನದ ಮೇಲೆ ಫಾರರ್ ಪಾರ್ಕಿನಲ್ಲಿ ಭಾರತೀಯ ಸೆರೆಯಾಳುಗಳನ್ನು ಬೇರೆ ಮಾಡಿದ್ರು. ಅಲ್ಲಿಂದ ಎರಡು ದಾರಿ: ಐಎನ್‌ಎ ಅಂದ್ರೆ ಆಜಾದ್ ಹಿಂದ್ ಫೌಜ್ ಸೇರಿದವರು, ಸೇರದೆ ಸೆರೆಯಲ್ಲೇ ಉಳಿದವರು. ಉಳಿದವರಲ್ಲಿ ಎಷ್ಟೋ ಜನರನ್ನು ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದ್ರು. ಮೊದಲು ಕಮಿಷನ್ ತಾಣದಲ್ಲಿ ಸಿಂಗಾಪುರದ ಕ್ರಾಂಜಿ ಸ್ಮಾರಕ ನೋಡಿ, 24,000ಕ್ಕೂ ಹೆಚ್ಚು ಹೆಸರಿವೆ. ಬರ್ಮಾದಲ್ಲಿ ಹೋದವರದು ತೌಕ್ಯಾನ್‌ನ ರಂಗೂನ್ ಸ್ಮಾರಕ.

ಆ ಮೈಸೂರು ಇನ್‌ಫೆಂಟ್ರಿ ಈಗಲೂ ಇದೆ, ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಗಿ. ದಾಖಲೆ ಕಚೇರಿ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಪತ್ರ ಬರೆಯುವಾಗ ಹೆಸರು, ತಂದೆ ಹೆಸರು, ಊರು, ತಾಲ್ಲೂಕು, ಭರ್ತಿಯಾದ ವರ್ಷ ಅಂದಾಜು, ನಂಬರ್ ಇದ್ರೆ ನಂಬರ್. ಉತ್ತರ ಬರದಿದ್ರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಕೇಳಿ. ಕೇಳುವಾಗ ‘ಮಾಹಿತಿ ಕೊಡಿ’ ಅನ್ನಬೇಡಿ, ‘ಷೀಟ್ ರೋಲ್ ಪ್ರತಿ ಕೊಡಿ’ ಅನ್ನಿ. ಸೈನಿಕನ ವಾರಸುದಾರರು, ಊರು, ಸೇವೆ ಎಲ್ಲ ಇರೋ ಮೂಲ ಕಾಗದ ಅದು.

ನಾಗಮಂಗಲ ಕೋಟೆಬೆಟ್ಟ
ಬಾಳ ಉಪಕಾರ ಆಯ್ತು. ಷೀಟ್ ರೋಲ್ ಅನ್ನೋ ಹೆಸರೇ ಕೇಳಿರ್ನಿಲ್ಲ.

ವಿಜಯನಗರ ವಾಟರ್ ಟ್ಯಾಂಕ್
ಹಳೇದು ಬಿಡಿ. 1971ರ ಯುದ್ಧದಲ್ಲಿ ಕಾಣೆಯಾದ ನಮ್ಮ 54 ಜನ ಸೈನಿಕರು ಇವತ್ತಿಗೂ ಪಾಕಿಸ್ತಾನದ ಜೈಲಲ್ಲಿ ಬದುಕಿದ್ದಾರೆ. ಅದರ ಬಗ್ಗೆ ಯಾರೂ ಮಾತಾಡಲ್ಲ.

ಕಡತಕೋಣೆ
ಮಾತಾಡೋಣ, ಆದರೆ ಗೊತ್ತಿರೋ ಅಷ್ಟನ್ನೇ. 1979ರಲ್ಲಿ ಲೋಕಸಭೆಗೆ ಕೊಟ್ಟ ಉತ್ತರದಲ್ಲಿ 40 ಹೆಸರಿದ್ದವು, ಮುಂದೆ ಅದು 54 ಆಯ್ತು. ಆ 54 ಸೇರಿ ಒಟ್ಟು 83 ಜನ ಪಾಕಿಸ್ತಾನದ ವಶದಲ್ಲಿದ್ದಾರೆ ಅನ್ನೋದು ನಮ್ಮ ಸರ್ಕಾರದ ನಿಲುವು. ಯಾರೂ ಇಲ್ಲ ಅಂತ ಪಾಕಿಸ್ತಾನ ಹೇಳ್ತಾ ಬಂದಿದೆ. 1983ರಲ್ಲಿ ಕೆಲವು ಕುಟುಂಬದವರು ಮುಲ್ತಾನ್ ಜೈಲಿಗೆ ಹೋಗಿ ಬಂದ್ರು. 2007ರ ಜೂನ್‌ನಲ್ಲಿ 14 ಮಂದಿ ಬಂಧುಗಳು ಹತ್ತು ಜೈಲು ಸುತ್ತಿದ್ರು. ಒಬ್ಬರೂ ಸಿಗಲಿಲ್ಲ. 93,000 ಸೆರೆಯಾಳುಗಳನ್ನು ನಾವು ವಾಪಸ್ ಕೊಟ್ಟೆವು, ನಮ್ಮವರ ಲೆಕ್ಕ ಚುಕ್ತಾ ಮಾಡಿಕೊಳ್ಳಲಿಲ್ಲ ಅನ್ನೋ ಸಿಟ್ಟು ಆ ಮನೆಗಳಲ್ಲಿ ನ್ಯಾಯವಾದದ್ದು. ಆದರೆ ‘ಬದುಕಿದ್ದಾರೆ’ ಅಂತ ನಾವಿಲ್ಲಿ ಕೂತು ತೀರ್ಪು ಕೊಡೋ ಹಾಗಿಲ್ಲ.

ವಿಜಯನಗರ ವಾಟರ್ ಟ್ಯಾಂಕ್
ಹಾಗಾದ್ರೆ ಸತ್ತಿದ್ದಾರೆ ಅಂತ ಕೈ ತೊಳೆದುಕೊಳ್ಳೋದಾ?

ಲೋಕಪಾವನಿ
ಯಾರೂ ಹಾಗೆ ಹೇಳ್ತಿಲ್ಲ ಸಾರ್. ಎರಡೂ ಗೊತ್ತಿಲ್ಲದೆ ಐವತ್ತು ವರ್ಷ ಕಳೆಯೋದೇ ಆ ಮನೆಯವರ ಕಷ್ಟ. ಎಡೆ ಇಟ್ಟರೆ ಬದುಕಿರೋನಿಗೆ ಇಟ್ಟ ಹಾಗಾಗುತ್ತೆ ಅಂತ ಭಯ, ಇಡದಿದ್ರೆ ಹಸಿದಿರ್ತಾನೆ ಅಂತ ಸಂಕಟ. ಹೊರಗಿನವರು ಧೈರ್ಯವಾಗಿ ಒಂದು ಕಡೆ ವಾಲಿ ಮಾತಾಡಿದಷ್ಟೂ ಅವರಿಗೇ ಹೆಚ್ಚು ನೋವು.

ಜೀವಕೋಶ
ಎಷ್ಟು ವರ್ಷವಾದ್ರೂ ಸಿಗೋ ಸಾಧ್ಯತೆ ಇರೋದು ಹಿಮದಲ್ಲಿ. 7 ಫೆಬ್ರವರಿ 1968ರಂದು ಚಂಡೀಗಢದಿಂದ ಲೇಹ್‌ಗೆ ಹೊರಟ ಎಎನ್-12 ವಿಮಾನದಲ್ಲಿ 102 ಜನ ಇದ್ರು. 2003ರಲ್ಲಿ ಲಾಹೌಲ್ ಕಡೆ ಹಿಮನದಿಯಲ್ಲಿ ಅವಶೇಷ ಕಂಡಿತು. 2024ರ ಸೆಪ್ಟೆಂಬರ್ ಕೊನೆಗೆ ಇನ್ನೂ ನಾಲ್ಕು ದೇಹ ಸಿಕ್ಕವು, 56 ವರ್ಷದ ಮೇಲೆ. 1984ರ ಸಿಯಾಚಿನ್ ಗಸ್ತಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದ ಕುಮಾವ್ ರೆಜಿಮೆಂಟಿನ ಸೈನಿಕರೊಬ್ಬರು 2022ರಲ್ಲಿ ಸಿಕ್ಕಾಗ ಗುರುತು ಹಿಡಿದದ್ದು ಲೋಹದ ಗುರುತಿನ ಬಿಲ್ಲೆಯ ಮೇಲಿನ ಸೈನ್ಯದ ನಂಬರಿನಿಂದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ನಾರಿನ ಗುರುತಿನ ಬಿಲ್ಲೆ ಮಣ್ಣಲ್ಲಿ ಕೊಳೆತುಹೋಗೋದು. ಹೆಸರಿಲ್ಲದ ಸಮಾಧಿಗಳಿಗೆ ಅದೂ ಒಂದು ಕಾರಣ.

ಬಿಲ್ಲೆ ಇಲ್ಲದಿದ್ರೆ ಡಿಎನ್‌ಎ. ಇಲ್ಲಿ ನಮ್ಮ ನೆಂಟಸ್ತಿಕೆಯ ಲೆಕ್ಕ ಸರಿಯಾಗಿ ಗೊತ್ತಿರಬೇಕು. ಹಳೇ ಮೂಳೆಯಲ್ಲಿ ಮಾಮೂಲಿ ಡಿಎನ್‌ಎ ಚೂರುಚೂರಾಗಿರುತ್ತೆ. ಮೈಟೊಕಾಂಡ್ರಿಯ ಅನ್ನೋ, ಕೋಶಕ್ಕೆ ಶಕ್ತಿ ಕೊಡೋ ಭಾಗದ ಡಿಎನ್‌ಎ ಒಂದೊಂದು ಕೋಶದಲ್ಲೂ ನೂರಾರು ಪ್ರತಿ ಇರೋದ್ರಿಂದ ಅದು ಉಳಿಯುತ್ತೆ. ಅದು ತಾಯಿಯಿಂದ ಮಾತ್ರ ಬರೋದು. ಹಾಗಾಗಿ ಸೈನಿಕನ ತಾಯಿ, ಒಡಹುಟ್ಟಿದವರು, ಅಕ್ಕತಂಗಿಯರ ಮಕ್ಕಳು, ಸೋದರಮಾವ, ತಾಯಿಯ ಅಕ್ಕತಂಗಿಯರು ಮತ್ತು ಅವರ ಮಕ್ಕಳು ಇದಕ್ಕೆ ಆಗ್ತಾರೆ. ಸ್ವಂತ ಮಗ ಈ ಪರೀಕ್ಷೆಗೆ ಆಗಲ್ಲ, ಯಾಕಂದ್ರೆ ಅವನಿಗೆ ಬಂದಿರೋದು ಅವನ ತಾಯಿಯದ್ದು.

ಆದರೆ ನಮ್ಮ ಕಡೆ ಒಂದು ವಿಶೇಷ. ಸೈನಿಕ ತನ್ನ ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ರೆ ಹೆಂಡತಿಯದ್ದೂ ಅದೇ ತಾಯಿ ಸಾಲು, ಮಕ್ಕಳದ್ದೂ ಅದೇ. ಆಗ ಮಗನೂ ಆಗ್ತಾನೆ. ಮೊಮ್ಮಕ್ಕಳಲ್ಲಿ ಮಗಳ ಮಕ್ಕಳು ಆಗ್ತಾರೆ, ಮಗನ ಮಕ್ಕಳು ಆಗಲ್ಲ.

ಎಡವಟ್ಟಾಗೋದು ‘ಅಕ್ಕ’ ಅನ್ನೋ ಪದದಲ್ಲಿ. ತಾಯಿಯ ಅಕ್ಕನಾದ ದೊಡ್ಡಮ್ಮನ ಮಗಳೂ ಅಕ್ಕ, ತಂದೆಯ ಅಣ್ಣನಾದ ದೊಡ್ಡಪ್ಪನ ಮಗಳೂ ಅಕ್ಕ. ಮೊದಲನೆಯವರ ಮಾದರಿ ಹೊಂದುತ್ತೆ, ಎರಡನೆಯವರದು ಸಾಮಾನ್ಯವಾಗಿ ಹೊಂದಲ್ಲ. ಪಟ್ಟಿ ಬರೆಯುವಾಗ ‘ಅಕ್ಕ’ ಅಂತ ಬರೆಯದೆ ‘ಇಂಥವರ ತಾಯಿ ಇಂಥವರ ಹೊಟ್ಟೇಲಿ ಹುಟ್ಟಿದವರು’ ಅಂತ ಬಿಡಿಸಿ ಬರೀರಿ. ದತ್ತು ಹೋಗಿದ್ರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಗಂಡು ಸಾಲಿಗೆ ತಂದೆಯಿಂದ ಮಗನಿಗೆ ಮಾತ್ರ ಬರೋ ವೈ ಕ್ರೋಮೋಸೋಮ್ ಇದೆ, ಅಲ್ಲಿ ಅಣ್ಣತಮ್ಮಂದಿರು, ಅವರ ಗಂಡುಮಕ್ಕಳು, ತಂದೆಯ ಅಣ್ಣನಾದ ದೊಡ್ಡಪ್ಪನ ಗಂಡುಮಕ್ಕಳು ಆಗ್ತಾರೆ.

ಸಕ್ಕರೆನಾಡು
ಅಕ್ಕನ ಮಗಳ ವಿಷಯ ಅದ್ಭುತ ಸಾರ್. ಎರಡು ಸಲ ಓದಿದ್ ಮೇಲೆ ಅರ್ಥ ಆಯ್ತು.

ಮಾಜಿ ಸ್ಯಾಪರ್
ಇದಕ್ಕೆ ಸೇರಿಸ್ತೀನಿ. ಹಿಮದಲ್ಲಿ ನಂಬರ್ ಸಿಕ್ಕಿದ್ರೂ ಮನೆಯವರಿಗೆ ಸುದ್ದಿ ಮುಟ್ಟೋದು ದಾಖಲೆ ಕಚೇರಿಯಲ್ಲಿರೋ ವಿಳಾಸದಿಂದ. ತಂದೆತಾಯಿ ಹೋದ ಮೇಲೆ ವಿಳಾಸ ಬದಲಿಸೋರು ಯಾರೂ ಇರಲ್ಲ. ಕಾಣೆಯಾದವರ ಮನೆಯವರು ಊರು ಬಿಟ್ಟರೆ ಹೊಸ ವಿಳಾಸ, ಫೋನ್ ನಂಬರನ್ನು ದಾಖಲೆ ಕಚೇರಿಗೂ ಮೈಸೂರಿನ ಸೈನಿಕ ಕಲ್ಯಾಣ ಕಚೇರಿಗೂ ಸ್ಪೀಡ್ ಪೋಸ್ಟಲ್ಲಿ ಕಳಿಸಿ. ಸೈನ್ಯದ ನಂಬರನ್ನು ಮನೆಯ ಮೂರು ಜನ ಬೇರೆ ಬೇರೆ ಕಡೆ ಬರೆದಿಟ್ಕೊಳ್ಳಲಿ.

ವಕೀಲ, ಕೃಷ್ಣಮೂರ್ತಿಪುರಂ
ಕಾನೂನಿನ ಮಾತು ಯಾರೂ ತೆಗೀಲಿಲ್ಲ. ಸಹಜವಾಗಿ ಸುದ್ದಿ ಗೊತ್ತಾಗಬೇಕಾದವರಿಗೆ ಏಳು ವರ್ಷ ಸುದ್ದಿಯೇ ಇಲ್ಲದಿದ್ರೆ, ಬದುಕಿದ್ದಾರೆ ಅನ್ನೋರೇ ಅದನ್ನು ಸಾಬೀತು ಮಾಡಬೇಕು. ಹಳೇ ಸಾಕ್ಷ್ಯ ಕಾಯ್ದೆಯ 108ನೇ ಕಲಂ, 1 ಜುಲೈ 2024ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ. ಏಳು ವರ್ಷ ತುಂಬಿದ ದಿನ ತಾನಾಗಿ ಮರಣ ಪ್ರಮಾಣಪತ್ರ ಸಿಗುತ್ತೆ ಅಂತ ಜನ ತಿಳಿದಿದ್ದಾರೆ. ಇಲ್ಲ. ಸಿವಿಲ್ ಕೋರ್ಟಿನಲ್ಲಿ ಘೋಷಣೆಗೆ ದಾವೆ ಹಾಕಬೇಕು, ಆ ಡಿಕ್ರಿ ಹಿಡಿದು ನೋಂದಣಿಗೆ ಹೋಗಬೇಕು.

ಇನ್ನೊಂದು: ಕೋರ್ಟ್ ಸಾವನ್ನು ಊಹಿಸುತ್ತೆ, ಸತ್ತ ದಿನವನ್ನಲ್ಲ. ಸುಪ್ರೀಂ ಕೋರ್ಟ್ 2004ರಲ್ಲಿ ಒಂದು ವಿಮೆಯ ಪ್ರಕರಣದಲ್ಲಿ ಇದನ್ನು ಖಚಿತ ಮಾಡಿದೆ. ವಿಮೆ ಕಂತು ನಿಂತು ಪಾಲಿಸಿ ಬಿದ್ದುಹೋಗೋದು ಇಲ್ಲೇ. ಆದ್ದರಿಂದ ಏಳು ವರ್ಷವೂ ಕಂತು ಕಟ್ಟಿ. ಸೈನಿಕರ ಕುಟುಂಬ ಪಿಂಚಣಿಗೆ ಏಳು ವರ್ಷ ಕಾಯಬೇಕಿಲ್ಲ, ಅದರ ದಾರಿಯೇ ಬೇರೆ. ದಾಖಲೆ ಕಚೇರಿಗೆ ಮೊದಲೇ ಬರೀರಿ.

ವಿಜಯನಗರ ವಾಟರ್ ಟ್ಯಾಂಕ್
ಕೋರ್ಟಿಗೂ ದಿನ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರುತ್ತೆ.

ಸಕ್ಕರೆನಾಡು
ಸ್ವಲ್ಪ ವಿಷಯಾಂತರ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಬ್ರಿಟಿಷರ ಪರ ಇದ್ದ ಸ್ವಿಸ್ ಡಿ ಮ್ಯೂರಾನ್ ರೆಜಿಮೆಂಟಿನವರಿಗೂ ಹೆಸರು ಕೆತ್ತಿದ ಕಲ್ಲಿದೆ. 4 ಮೇ 1799ರಂದು ಕೋಟೆ ಒಳಗೆ ಬಿದ್ದ ನಮ್ಮ ಸಾವಿರಾರು ಜನಕ್ಕೆ? ಹೆಣಗಳ ರಾಶಿಯಲ್ಲಿ ಹುಡುಕಿ ತೆಗೆದದ್ದು ಟಿಪ್ಪು ಒಬ್ಬನನ್ನು.

ಕಡತಕೋಣೆ
ನಿಜ. ಅವರ ಪಟ್ಟಿ ಇಟ್ಟೋರೇ ಇಲ್ಲ. ಅದಕ್ಕೆ ಬೇರೆ ಎಳೆ ತೆರೀರಿ, ನಾನೂ ಬರ್ತೀನಿ.

ಎಲ್ಲರಿಗೂ ಒಂದು ಎಚ್ಚರಿಕೆ: ‘ನಿಮ್ಮ ಪೂರ್ವಜರ ಯುದ್ಧ ದಾಖಲೆ ತೆಗೆಸಿಕೊಡ್ತೀವಿ’ ಅಂತ ಸಾವಿರಾರು ರೂಪಾಯಿ ಕೇಳೋರಿದ್ದಾರೆ. ಕಮಿಷನ್ ತಾಣ ಉಚಿತ. ಮೊದಲ ಯುದ್ಧದ ಸೆರೆಯಾಳುಗಳ ರೆಡ್ ಕ್ರಾಸ್ ಕಾರ್ಡುಗಳು ಉಚಿತ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್‌ನಲ್ಲಿ ಹುಡುಕೋದೂ ಉಚಿತ. ಸಂಸ್ಥಾನದ ಮಿಲಿಟರಿ ಕಡತಗಳಿಗೆ ರಾಜ್ಯ ಪತ್ರಾಗಾರಕ್ಕೆ ಹೋಗಿ ಕೂರಬೇಕು.

ಹಿರೋಡೆಯವನು
ಎಲ್ಲರಿಗೂ ಕೈ ಮುಗೀತೀನಿ. ಫ್ರೆಂಚ್ ರಾಕ್ಸ್ ಅಂತ ಹಾಕಿದಾಗ ಹತ್ತಿರದ ಹೆಸರೊಂದು ಬಂತು. ಬಿಲ್ಲೆಯಲ್ಲಿ ಒಂದೇ ಪದ, ತಾಣದಲ್ಲಿ ಎರಡು ಪದ. ನಂಬರ್ ಇದೆ, ದಿನಾಂಕ ಇದೆ, ಸ್ಮಾರಕ ಹೀಲಿಯೊಪೊಲಿಸ್. ಆದರೆ ತಂದೆ ಹೆಸರು ಮನೆಯವರು ಹೇಳೋದಕ್ಕೆ ಹೊಂದ್ತಿಲ್ಲ. ಬಿಲ್ಲೆ ಜೊತೆ ಬರ್ತಿದ್ದ ಕಾಗದ ಇನ್ನೂ ಸಿಕ್ಕಿಲ್ಲ, ಅಟ್ಟ ಇಳಿಸಿ ನೋಡ್ತೀವಿ ಅಂದಿದ್ದಾರೆ. ಈಗಲೇ ದಿನಾಂಕ ಹೇಳಿಬಿಡಲಾ?

ಲೋಕಪಾವನಿ
ಬೇಡ ಅಣ್ಣ. ಒಂದ್ ಸಲ ಹೇಳಿದ್ರೆ ಆ ದಿನ ಎಡೆ ಇಡೋಕೆ ಶುರು ಮಾಡ್ತಾರೆ, ಆಮೇಲೆ ತಪ್ಪು ಅಂತ ಹೇಗೆ ಹೇಳ್ತೀರಿ? ತಂದೆಗೆ ಮನೇಲಿ ಕರೆಯೋ ಹೆಸರು ಬೇರೆ, ಖಾತೆಯಲ್ಲಿ ಬೇರೆ ಇತ್ತಾ ಅಂತ ಮೊದಲು ಕೇಳಿ. ಜಮೀನಿನ ಹಳೇ ಕ್ರಯಪತ್ರದಲ್ಲಿ ಖಾತೆ ಹೆಸರು ಇರುತ್ತೆ.

ಕಡತಕೋಣೆ
ಅದೇ ಸರಿ. ನಂಬರ್ ಮತ್ತು ಪಲ್ಟನ್ ಹೆಸರನ್ನ ಇಲ್ಲಿ ಹಾಕಬೇಡಿ, ಖಾಸಗಿಯಾಗಿ ಕಳಿಸಿ. ನಾನು ಪತ್ರಾಗಾರದಲ್ಲಿ ಪಿಂಚಣಿ ಕಡತ ಇದೆಯಾ ನೋಡ್ತೀನಿ. ಹೆಂಡತಿಗೆ ಪಿಂಚಣಿ ಮಂಜೂರಾಗಿದ್ರೆ ಅದರಲ್ಲಿ ಆಕೆಯ ಹೆಸರು, ಮಾವನ ಹೆಸರು ಎರಡೂ ಇರಬೇಕು. ಅಲ್ಲಿವರೆಗೆ ಮಾಲಯ ಅಮಾಸೆಗೇ ಎಡೆ ಇಡ್ಲಿ, ದಿನ ಗೊತ್ತಿಲ್ಲದವರಿಗೆಲ್ಲ ಅವತ್ತೇ ಇಡೋದು.

ಹಿರೋಡೆಯವನು
ಕಳಿಸಿದೆ ಸಾರ್. ಬಿಲ್ಲೆಯ ಫೋಟೋ ಸಹ, ಟಾರ್ಚ್ ಓರೆ ಹಿಡಿದು ತೆಗೆದದ್ದು.